ಅಂಕವೂ ಅರ್ಹತೆಯೂ

ಪರೀಕ್ಷೆಯಿಂದ ನಾವು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬೇಡುತ್ತೇವೆ. ಮುಂದಿನ ವ್ಯಾಸಂಗವನ್ನು ನಿರ್ವಹಿಸಲು ಬೇಕಾದಷ್ಟು ವಿದ್ಯೆ ಈ ಹುಡುಗನಲ್ಲಿ ಅಥವಾ ಈ ಹುಡುಗಿಯಲ್ಲಿ ನೆಲೆಗೊಂಡಿದೆಯೆ ಎಂಬುದು ಮೊದಲನೆಯ ಪ್ರಶ್ನೆ. ಹಾಗೆ ನೆಲೆಗೊಂಡಿರುವ ಸಹಸ್ರಾರು ಮಂದಿಯಲ್ಲಿ ಯಾರು ಯಾರಿಗಿಂತ ಎಷ್ಟು ಮುಂದೆ ಎಂಬುದು ಎರಡನೆಯದು. ಎಚ್ಚರದಿಂದ ನಡೆಸಿದ ಪರೀಕ್ಷೆಯು ಮೊದಲನೆಯದಕ್ಕೆ ನಂಬತಕ್ಕ ಉತ್ತರವನ್ನು ಕೊಡಬಲ್ಲುದು. ಎರಡನೆಯದಕ್ಕೆ ಅದು ಕೊಡುವ ಉತ್ತರವಾದರೋ, ಅಂಕಿಗಳ ರೂಪದಲ್ಲಿ ಬರುವುದರಿಂದ ನಿಖರವೆಂದು ತೋರುತ್ತದೆಯೇ ಹೊರತು ನಿಖರವಾಗಿರುವುದಿಲ್ಲ. ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ನಿಂತಿರುವ ಹದಿನೇಳು ಹದಿನೆಂಟು ವರ್ಷದ ಮಕ್ಕಳ ಮೇಲೆ ಇಂದು ಬಿದ್ದಿರುವ ಅಪಾರವಾದ ಭಾರಕ್ಕೆ ಪಾಠಗಳ ಕಾಠಿಣ್ಯವೇ ಮೂಲವೆಂದು ನನಗೆ ತೋರುವುದಿಲ್ಲ. ಮೊದಲನೆಯ ಪ್ರಶ್ನೆಗಾಗಿ ರೂಪುಗೊಂಡ ಸಾಧನವನ್ನು ಎರಡನೆಯ ಪ್ರಶ್ನೆಗೆ ಬಲವಂತವಾಗಿ ಹೂಡಿ, ಅದು ನುಡಿದುದನ್ನೆಲ್ಲ ಯೋಗ್ಯತೆಯ ನಿರ್ಣಯವೆಂದು ನಾವು ಶಿರಸಾವಹಿಸುತ್ತಿರುವುದೇ ಅದರ ಮೂಲ.

ಅಂಕವನ್ನು ಹಳಿಯುವುದಕ್ಕೆ ಮೊದಲು ಅದು ನಮಗೆ ಮಾಡಿರುವ ಉಪಕಾರವನ್ನು ನೆನೆಯುವುದು ನ್ಯಾಯ. ವಂಶ, ಜಾತಿ, ಶಿಫಾರಸು, ಸಿರಿತನ ಇವುಗಳಲ್ಲಿ ಯಾವೊಂದನ್ನೂ ಅರಿಯದ ಒಂದು ಸಂಖ್ಯೆಯು, ಇವೆಲ್ಲವೂ ಆಳವಾಗಿ ಬೇರೂರಿದ್ದ ಸಮಾಜದಲ್ಲಿ ಬಲಹೀನನಿಗೆ ದೊರೆತ ರಕ್ಷೆಯಾಗಿತ್ತು. ಅಂದಿನ ಮೈಸೂರು ರಾಜ್ಯದಲ್ಲಿ, 1960ರ ದಶಕದ ಆರಂಭದಲ್ಲಿ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳೊಡನೆ ಸಂದರ್ಶನವನ್ನೂ ಜೋಡಿಸಿ, ಪರೀಕ್ಷೆಯ ಗರಿಷ್ಠ ಅಂಕಗಳ ಶೇಕಡಾ 25ರಷ್ಟು ಪ್ರಮಾಣವನ್ನು ಸಂದರ್ಶಕರ ವಿವೇಚನೆಗೆ ಒಪ್ಪಿಸಲಾಗಿತ್ತು. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಸರ್ಕಾರದ ಪದ್ಧತಿಯನ್ನೇ ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಅದು ಸಾಧುವಾಗಿದ್ದಿರಬಹುದು. ಆದರೆ ಅಲ್ಪಕಾಲದ ಸಂಭಾಷಣೆಯಲ್ಲಿ ‘ವ್ಯಕ್ತಿತ್ವ’ವನ್ನು ತೂಗಲು ಹೊರಟವರ ಮುಂದೆ, ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವನಿಗೂ, ಅಪರಿಚಿತರೆದುರು ಬಾಯಿಬಿಡುವುದನ್ನೇ ಅವಿನಯವೆಂದು ಕಲಿತು ಬಂದ ಹಳ್ಳಿಯ ಹುಡುಗನಿಗೂ ಸಮನಾದ ನ್ಯಾಯ ಸಿಕ್ಕುವುದೆಂದು ನಂಬುವುದು ಕಷ್ಟ. ಮುಂದೆ ಖಾಸಗಿ ಕಾಲೇಜುಗಳಲ್ಲಿ ಕ್ಯಾಪಿಟೇಷನ್ ಶುಲ್ಕದ ಹಾವಳಿ ಮಿತಿಮೀರಿದಾಗ, ಕರ್ನಾಟಕದ ಶುಲ್ಕವ್ಯವಸ್ಥೆಯನ್ನೇ ಕುರಿತ 1992ರ ಮೋಹಿನಿ ಜೈನ್ ತೀರ್ಪೂ, ಮರುವರ್ಷದ ಉನ್ನಿಕೃಷ್ಣನ್ ತೀರ್ಪೂ ಹಣದ ದಾರಿಗೆ ತಡೆಯೊಡ್ಡಲಾಗಿ, 1994ರಿಂದ ನಮ್ಮಲ್ಲಿ ಸಿ.ಇ.ಟಿ. ಜಾರಿಗೆ ಬಂದಿತು. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಓದಿದ ಎಷ್ಟೋ ಮಕ್ಕಳು, ಯಾರ ಮನೆಯ ಬಾಗಿಲನ್ನೂ ಕಾಯದೆ, ತಮ್ಮ ಕ್ರಮಾಂಕವೊಂದನ್ನೇ ಹಿಡಿದು ರಾಜ್ಯದ ಉತ್ತಮ ಕಾಲೇಜುಗಳನ್ನು ಪ್ರವೇಶಿಸಿದರು. ಈ ಉಪಕಾರವನ್ನು ಮರೆತು ಪರೀಕ್ಷೆಯೇ ಬೇಡವೆನ್ನುವವರ ಮಾತು ನನಗೆ ಸಮ್ಮತವಲ್ಲ. ಪರೀಕ್ಷೆಯು ಹೋದ ಕಡೆಗೆ ಪ್ರಭಾವವು ಬಂದು ಕುಳಿತುಕೊಳ್ಳುವುದೆಂಬುದನ್ನು ನಾವು ಅನುಭವದಿಂದ ಬಲ್ಲೆವು.

ಇಷ್ಟನ್ನು ಒಪ್ಪಿದ ಮೇಲೂ, ಆ ಸಂಖ್ಯೆಯು ಎಷ್ಟರಮಟ್ಟಿಗೆ ಸತ್ಯವೆಂಬ ವಿಚಾರಣೆಯು ಉಳಿದೇ ಇರುತ್ತದೆ. ಢಾಕಾ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾಗಿದ್ದವರೂ, 1929ರಲ್ಲಿ ಭಾರತದ ಶಿಕ್ಷಣಸ್ಥಿತಿಯನ್ನು ಕುರಿತು ವರದಿಯನ್ನೊಪ್ಪಿಸಿದ ಸಮಿತಿಯ ಅಧ್ಯಕ್ಷರೂ ಆದ ಫಿಲಿಪ್ ಹಾರ್ಟಾಗ್ ಅವರು, ಸಂಖ್ಯಾಶಾಸ್ತ್ರಜ್ಞ ರೋಡ್ಸ್ ಅವರೊಡನೆ ಕೂಡಿ ಇಂಗ್ಲೆಂಡಿನಲ್ಲಿ ನಡೆಸಿ 1935ರಲ್ಲಿ ಪ್ರಕಟಿಸಿದ ಪರಿಶೋಧನೆಯು ಈ ವಿಷಯದಲ್ಲಿ ಇಂದಿಗೂ ಮನನೀಯವಾಗಿದೆ. ಹಿಂದೆ ಒಂದೇ ಅಂಕವನ್ನು ಪಡೆದಿದ್ದ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಆಯ್ದು, ನುರಿತ ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅದೇ ಪರೀಕ್ಷಕರಲ್ಲಿ 14 ಮಂದಿಗೆ ಮರಳಿ ಕೊಡಲಾಯಿತು. ಒಬ್ಬ ಪರೀಕ್ಷಕನಿಗೂ ಇನ್ನೊಬ್ಬನಿಗೂ ಭೇದವಿದ್ದುದು ಸಹಜವೆನ್ನೋಣ. ತಾನೇ ಹಿಂದೆ ಕೊಟ್ಟಿದ್ದ ತೀರ್ಪಿಗೆ ಪರೀಕ್ಷಕನು ನಿಂತನೆ ಎಂದು ನೋಡಿದರೆ, 210 ಸಂದರ್ಭಗಳಲ್ಲಿ 92ರಲ್ಲಿ ಅನುತ್ತೀರ್ಣ, ಉತ್ತೀರ್ಣ, ಉತ್ತಮ ಎಂಬ ತೀರ್ಮಾನವೇ ಬದಲಾಗಿತ್ತು. ಆ ಪರೀಕ್ಷಕರು ಅಪ್ರಾಮಾಣಿಕರಲ್ಲ, ಅಲಸಿಗಳೂ ಅಲ್ಲ. ಮನುಷ್ಯನ ತೀರ್ಪಿಗೆ ಸ್ವಭಾವತಃ ಇರುವ ಚಂಚಲತೆಯು ಅಲ್ಲಿ ಸಂಖ್ಯೆಗಳಲ್ಲಿ ಬಯಲಾಯಿತು, ಅಷ್ಟೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ತನ್ನ ಸಲಹೆಗಳಲ್ಲೆಲ್ಲ ಪರೀಕ್ಷೆಯ ಸುಧಾರಣೆಗೆ ಅಗ್ರಸ್ಥಾನವನ್ನು ಕೊಟ್ಟುದು ಅಕಾರಣವಾಗಿ ಅಲ್ಲ.

ಉತ್ತರದ ಬದಲಿಗೆ ವೃತ್ತವನ್ನು ತುಂಬುವ ಇಂದಿನ ವಸ್ತುನಿಷ್ಠ ಪರೀಕ್ಷೆಯಲ್ಲಿ ಈ ದೋಷಕ್ಕೆ ಅವಕಾಶವೆಲ್ಲಿ, ಯಂತ್ರವು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುವುದಲ್ಲವೆ ಎಂದು ಕೆಲವರು ಕೇಳುತ್ತಾರೆ. ನೋಡುವುದು ನಿಜ. ಆದರೆ ಯಾವ ಪ್ರಶ್ನೆಗಳನ್ನು ಕೇಳಬೇಕೆಂದು ನಿಶ್ಚಯಿಸುವವರು ಮನುಷ್ಯರೇ. ಎರಡು ವರ್ಷದ ವಿಸ್ತಾರವಾದ ಪಾಠಗಳಿಂದ ವಿಷಯವೊಂದಕ್ಕೆ ಅರುವತ್ತು ಪ್ರಶ್ನೆಗಳನ್ನು ಆಯ್ದಾಗ, ಬೇರೆ ಅರುವತ್ತನ್ನು ಆಯ್ದಿದ್ದರೆ ಕ್ರಮಾಂಕಗಳ ಪಟ್ಟಿಯೂ ಬೇರೆಯಾಗಿರುತ್ತಿತ್ತು. 2024ರ ಏಪ್ರಿಲ್‌ನಲ್ಲಿ ನಡೆದ ನಮ್ಮ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದಿದ್ದುವೆಂದು ದೊಡ್ಡ ಗದ್ದಲವಾಗಿ, ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು: ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಕೈಬಿಟ್ಟುದು ಅನಿವಾರ್ಯವಾಗಿದ್ದಿರಬಹುದು. ಆದರೆ ಎಂಬತ್ತು ನಿಮಿಷಗಳ ಅವಧಿಯಲ್ಲಿ ಆ ಹದಿನೈದು ಗಣಿತದ ಪ್ರಶ್ನೆಗಳೊಡನೆ ಪ್ರಾಮಾಣಿಕವಾಗಿ ಹೆಣಗಿದ ಹುಡುಗಿಗೆ ಕಳೆದುಹೋದ ನಿಮಿಷಗಳನ್ನು ಯಾವ ಪ್ರಾಧಿಕಾರವೂ ಹಿಂದಿರುಗಿಸಲಾರದು. ಅವುಗಳನ್ನು ಕಂಡೊಡನೆ ದಾಟಿ ಮುಂದೆ ಹೋದವನಿಗಾದರೋ ಅನಾಯಾಸವಾದ ಲಾಭ ಒದಗಿತು. ಇವರಿಬ್ಬರ ಕ್ರಮಾಂಕಗಳ ನಡುವೆ ಬಿದ್ದ ಅಂತರವು ಗಣಿತಜ್ಞಾನದ ಅಂತರವೆಂದು ಹೇಳಲು ಯಾರಿಗೆ ಧೈರ್ಯವುಂಟು? ಅಖಿಲ ಭಾರತದ ಜೆ.ಇ.ಇ. ಮೇನ್ ಪರೀಕ್ಷೆಯಲ್ಲಿ ಫಲಿತಾಂಶವನ್ನು ದಶಾಂಶದ ಏಳನೆಯ ಸ್ಥಾನದವರೆಗೆ ಲೆಕ್ಕಹಾಕುತ್ತಾರೆ. ಅಭ್ಯರ್ಥಿಗಳು ಒಂದೆಡೆ ಗುಂಪಾಗದಂತೆ ಬಿಡಿಬಿಡಿಯಾಗಿ ನಿಲ್ಲಿಸಲು ಅದು ಬೇಕಾಗಿದೆಯೇ ಹೊರತು, ಬುದ್ಧಿಯನ್ನು ಆ ಸೂಕ್ಷ್ಮತೆಯಿಂದ ಅಳೆಯಬಲ್ಲ ಉಪಾಯವು ಲೋಕದಲ್ಲಿ ಎಲ್ಲಿಯೂ ಇರುವುದರಿಂದಲ್ಲ.

ಈ ವಿಚಾರವನ್ನೆಲ್ಲ ಒಂದೇ ಘಟನೆಯಲ್ಲಿ ಕಾಣಬೇಕೆನ್ನುವವರು 2021 ಮತ್ತು 2022ರ ನಮ್ಮದೇ ರಾಜ್ಯದ ಇತಿಹಾಸವನ್ನು ಪರಾಂಬರಿಸಬೇಕು. ಕೋವಿಡ್ ವ್ಯಾಧಿಯ ಕಾರಣ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯು ರದ್ದಾಗಿ, ಎಸ್.ಎಸ್.ಎಲ್.ಸಿ. ಅಂಕಗಳಿಂದ ಶೇಕಡಾ 45, ಪ್ರಥಮ ಪಿ.ಯು.ಸಿ. ಅಂಕಗಳಿಂದ ಶೇಕಡಾ 45, ದ್ವಿತೀಯ ವರ್ಷದ ಆಂತರಿಕ ಮೌಲ್ಯಾಂಕನದಿಂದ ಶೇಕಡಾ 10 ಎಂದು ಕೂಡಿಸಿ ಫಲಿತಾಂಶವನ್ನು ಕಟ್ಟಲಾಯಿತು. ಆ ವರ್ಷ 600ಕ್ಕೆ 600 ಅಂಕಗಳನ್ನು ಪಡೆದವರ ಸಂಖ್ಯೆ 2,239. ಈ ಅಂಕಗಳು ಹಿಂದಿನ ವರ್ಷಗಳ ಅಂಕಗಳಿಗೆ ಸಮಾನವಲ್ಲವೆಂಬುದು ಸರ್ಕಾರಕ್ಕೂ ತಿಳಿದಿದ್ದುದರಿಂದ, ಪಿ.ಯು.ಸಿ.ಗೆ ಅರ್ಧ, ಸಿ.ಇ.ಟಿ.ಗೆ ಅರ್ಧ ಎಂಬ ವಾಡಿಕೆಯ ಪ್ರಮಾಣವನ್ನು ಬಿಟ್ಟು, ಆ ಸಲ ಸಿ.ಇ.ಟಿ.ಯೊಂದರಿಂದಲೇ ಇಂಜಿನಿಯರಿಂಗ್ ಕ್ರಮಾಂಕಗಳನ್ನು ನಿರ್ಧರಿಸಿದರು. ಮರುವರ್ಷ, 2021ರ ತಂಡದ ಸುಮಾರು 24,000 ಮಂದಿ ರಿಪೀಟರ್‌ಗಳು ಪುನಃ ಸಿ.ಇ.ಟಿ. ಬರೆದಾಗ, ಅವರ ಪಿ.ಯು.ಸಿ. ಅಂಕಗಳನ್ನು ಪರಿಗಣಿಸದೆಯೂ, ಹೊಸಬರ ಪಿ.ಯು.ಸಿ. ಅಂಕಗಳನ್ನು ಪರಿಗಣಿಸಿಯೂ ಒಂದೇ ಪಟ್ಟಿಯನ್ನು ಸಿದ್ಧಪಡಿಸಲಾಯಿತು. ಸಿ.ಇ.ಟಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವರೂ ಆ ಪಟ್ಟಿಯಲ್ಲಿ ಎಲ್ಲಿಯೋ ಕೆಳಗೆ ಹೋಗಿ ಬಿದ್ದರು. ಮಕ್ಕಳು ಉಚ್ಚ ನ್ಯಾಯಾಲಯದ ಮೊರೆಹೋದರು. ಸೆಪ್ಟೆಂಬರ್ ಆದಿಯಲ್ಲಿ ಏಕಸದಸ್ಯ ಪೀಠವು ರಾಜ್ಯದ ಪರೀಕ್ಷಾ ಪ್ರಾಧಿಕಾರದ ನಿರ್ಧಾರವನ್ನು ರದ್ದುಗೊಳಿಸಿತು. ಸರ್ಕಾರವು ಮೇಲ್ಮನವಿ ಸಲ್ಲಿಸಿತು. ಕೊನೆಗೆ ರಿಪೀಟರ್‌ಗಳ ಪಿ.ಯು.ಸಿ. ಅಂಕಗಳಿಂದ ಪ್ರತಿ ವಿಷಯಕ್ಕೂ ಕೆಲವು ಅಂಕಗಳನ್ನು ಕಳೆದು ಉಳಿದುದನ್ನು ಪರಿಗಣಿಸುವ ಸೂತ್ರವೊಂದು ವಿಭಾಗೀಯ ಪೀಠದ ಒಪ್ಪಿಗೆಯನ್ನು ಪಡೆದು, ಹೊಸ ಪಟ್ಟಿಯು ಹೊರಬಿದ್ದಿತು.

ಅದೇ ಮಕ್ಕಳು, ಅದೇ ಮಿದುಳುಗಳು, ಅದೇ ಉತ್ತರಗಳು. ಬೇಸಿಗೆಯಿಂದ ಶರತ್ಕಾಲದವರೆಗಿನ ಕೆಲವು ತಿಂಗಳುಗಳಲ್ಲಿ ಅವರು ಹೊಸದಾಗಿ ಏನನ್ನೂ ಕಲಿತಿರಲಿಲ್ಲ, ಕಲಿತುದನ್ನು ಮರೆತೂ ಇರಲಿಲ್ಲ. ಆದರೂ ಅವರ ಯೋಗ್ಯತೆಯೆಂದು ಕರೆಯಲ್ಪಡುವ ಸಂಖ್ಯೆಯು ಒಮ್ಮೆ ಒಂದಾಗಿ, ಇನ್ನೊಮ್ಮೆ ಬೇರೊಂದಾಗಿ ಬದಲಾಯಿತು. ಇದರಲ್ಲಿ ಯಾರದೋ ದುರುದ್ದೇಶವನ್ನು ಹುಡುಕುವುದು ನನ್ನ ಅಭಿಪ್ರಾಯವಲ್ಲ. ಅಧಿಕಾರಿಗಳ ಮುಂದೆ ಇದ್ದ ಕಷ್ಟವು ನಿಜವಾದದ್ದು. ನ್ಯಾಯಾಲಯವು ಕಂಡುಕೊಂಡ ದಾರಿಯೂ ಆ ಸಂದರ್ಭಕ್ಕೆ ವಿವೇಕಯುಕ್ತವಾದದ್ದೇ. ನಾನು ಹೇಳುವುದಿಷ್ಟು: ಕ್ರಮಾಂಕವು ಮಗುವಿನೊಳಗೆ ಇರುವ ಯಾವುದೋ ವಸ್ತುವಿನ ಅಳತೆಯಾಗಿದ್ದರೆ ಸಂಧಾನದ ಸೂತ್ರದಿಂದ ಅದನ್ನು ನಿರ್ಣಯಿಸಲು ಸಾಧ್ಯವಾಗುತ್ತಿರಲಿಲ್ಲ. ಅದು ಸೀಟುಗಳನ್ನು ಹಂಚುವುದಕ್ಕಾಗಿ ನಾವು ಮಾಡಿಕೊಂಡ ಏರ್ಪಾಡು. ಏರ್ಪಾಡೆಂದೇ ತಿಳಿದು ಬಳಸಿದರೆ ಅದರಿಂದ ಹಾನಿಯಿಲ್ಲ. ಹಾನಿ ಹುಟ್ಟುವುದು ಅದನ್ನು ಹಿಡಿದು ಮಗುವಿನ ಬೆಲೆಯನ್ನು ಕಟ್ಟಲು ಹೊರಟಾಗ.

ಆ ಹಾನಿಯು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ತಿಳಿಯಲು ಎಸ್.ಎಸ್.ಎಲ್.ಸಿ. ಮುಗಿದೊಡನೆ ವಸತಿಸಹಿತವಾದ ಪಿ.ಯು. ಕಾಲೇಜುಗಳಿಗೆ ಹೋಗಿ ಸೇರುವ ಮಕ್ಕಳ ದಿನಚರಿಯನ್ನು ನೋಡಿದರೆ ಸಾಕು. ಪಿ.ಯು.ಸಿ., ಸಿ.ಇ.ಟಿ., ನೀಟ್, ಜೆ.ಇ.ಇ. ಎಂದು ನಾಲ್ಕು ಗುರಿಗಳಿಗೆ ಏಕಕಾಲದಲ್ಲಿ ಸಿದ್ಧರಾಗುವ ಆ ಎಳೆಯರಿಗೆ, ಬೆಳಗಿನ ಜಾವದಿಂದ ರಾತ್ರಿಯವರೆಗೆ, ತಮ್ಮದೆನ್ನತಕ್ಕ ಗಳಿಗೆಯೇ ಅಪರೂಪ. ಬಹುಕಡೆ ವಾರವಾರಕ್ಕೂ ಪರೀಕ್ಷೆಯುಂಟು. ಅದರ ಅಂಕಗಳನ್ನು ನೋಡಿ ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಏರಿಸುವ ಇಳಿಸುವ ಪದ್ಧತಿಯೂ ಉಂಟು. ಹೀಗೆ ಅಂಕಗಳಿಗನುಸಾರವಾಗಿ ಮಕ್ಕಳನ್ನು ಪ್ರತ್ಯೇಕಿಸುವುದನ್ನೂ, ಎಲ್ಲರ ಮುಂದೆ ಅವಮಾನಪಡಿಸುವುದನ್ನೂ, ಶಕ್ತಿಗೆ ಮೀರಿದ ಗುರಿಗಳನ್ನು ಹೇರುವುದನ್ನೂ ಶಿಕ್ಷಣಸಂಸ್ಥೆಗಳು, ಅದರಲ್ಲಿಯೂ ಕೋಚಿಂಗ್ ಕೇಂದ್ರಗಳು, ಸಾಧ್ಯವಾದಷ್ಟೂ ತ್ಯಜಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ಮಾರ್ಗದರ್ಶನ ಮಾಡಬೇಕಾಗಿ ಬಂದುದೇ ರೋಗದ ವ್ಯಾಪ್ತಿಗೆ ಸಾಕ್ಷಿ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಈಡಾದರೆಂದು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಯು ಹೇಳುತ್ತದೆ. ಅವರೆಲ್ಲರ ದುಃಖವೂ ಪರೀಕ್ಷೆಯಿಂದಲೇ ಬಂದುದಲ್ಲ. ಒಂದೊಂದು ಜೀವದ ಹಿಂದೆಯೂ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಆದರೆ ಆ ಕಾರಣಗಳ ಗಂಟಿನಲ್ಲಿ ನಾವು ಕೈಯಾರೆ ಸೇರಿಸಿದ ಎಳೆಯೊಂದು ಇದೆಯೆಂದಾದರೆ, ಅದನ್ನು ಬಿಡಿಸಿ ತೆಗೆಯುವುದು ನಮ್ಮ ಕರ್ತವ್ಯ.

ತಂದೆತಾಯಿಗಳನ್ನು ದೂಷಿಸುವುದು ಈ ಪ್ರಸಂಗದಲ್ಲಿ ರೂಢಿಯಾಗಿದೆ. ಅದು ನನಗೆ ಸರಿತೋರದು. ಸರ್ಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೂ ಶುಲ್ಕದಲ್ಲಿ ಇರುವ ಅಗಾಧವಾದ ವ್ಯತ್ಯಾಸವನ್ನು ಕಂಡ ಮಧ್ಯಮವರ್ಗದ ತಂದೆಗೆ, ಮಗಳ ಕ್ರಮಾಂಕವು ಕೆಲವು ನೂರು ಸ್ಥಾನಗಳಷ್ಟು ಜಾರಿದರೆ ಮನೆಯ ಮೇಲೆ ಸಾಲ ಏರುವುದೆಂಬುದು ಪ್ರತ್ಯಕ್ಷವಾಗಿ ಗೊತ್ತಿದೆ. ಅವನ ಆತಂಕವು ದುರಾಸೆಯಲ್ಲ. ಅರ್ಧ ಅಂಕಕ್ಕೆ ಅಷ್ಟು ದೊಡ್ಡ ಬೆಲೆಯನ್ನು ಕಟ್ಟಿದವರು ವ್ಯವಸ್ಥೆಯನ್ನು ರಚಿಸಿದ ನಾವೆಲ್ಲರು.

ಹಾಗಾದರೆ ಮಾಡತಕ್ಕದ್ದೇನು? ಪರೀಕ್ಷೆಗೆ ಅದು ಉತ್ತರಿಸಬಲ್ಲ ಪ್ರಶ್ನೆಯನ್ನು ಮಾತ್ರ ಕೇಳತಕ್ಕದ್ದು. ಒಂದು ವ್ಯಾಸಂಗಕ್ಕೆ ಅವಶ್ಯವಾದ ಮಟ್ಟವನ್ನು ಆಯಾ ಶಾಸ್ತ್ರವನ್ನು ಬಲ್ಲವರು ನಿಷ್ಠುರವಾಗಿ ನಿಗದಿಮಾಡಲಿ. ಆ ಮಟ್ಟವನ್ನು ಮುಟ್ಟಿದವರನ್ನು, ಪರೀಕ್ಷೆಯ ಅಳತೆಗೆ ನಿಜವಾಗಿ ಕಾಣುವಷ್ಟು ಅಂತರವಿರುವ ಕೆಲವೇ ಶ್ರೇಣಿಗಳಲ್ಲಿ ನಿಲ್ಲಿಸಲಿ. ಒಂದೇ ಶ್ರೇಣಿಯವರು ಸೀಟುಗಳಿಗಿಂತ ಹೆಚ್ಚಾಗಿದ್ದರೆ, ಅವರಲ್ಲಿ ಮೇಲು ಕೀಳೆಂಬ ಸುಳ್ಳು ಭೇದವನ್ನು ಕಲ್ಪಿಸದೆ, ಬಹಿರಂಗವಾಗಿ ಚೀಟಿ ಎತ್ತಿ ಹಂಚಲಿ. ಮೀಸಲಾತಿಯ ವ್ಯವಸ್ಥೆಗೆ ಇದರಿಂದ ಬಾಧೆಯಿಲ್ಲ. ಪ್ರತಿಯೊಂದು ವರ್ಗದೊಳಗೂ ಇದೇ ಕ್ರಮವನ್ನು ಅನುಸರಿಸಬಹುದು.

ಚೀಟಿ ಎಂದೊಡನೆ ಹುಬ್ಬೇರಿಸುವವರುಂಟು. ಮಕ್ಕಳ ಭವಿಷ್ಯವನ್ನು ಅದೃಷ್ಟಕ್ಕೆ ಬಿಡುವುದೆ ಎಂದು ಅವರು ಕೇಳುತ್ತಾರೆ. ಈಗಲೂ ಅದೃಷ್ಟಕ್ಕೇ ಬಿಟ್ಟಿದ್ದೇವೆ. ಬಿಟ್ಟಿರುವುದನ್ನು ಒಪ್ಪಿಕೊಂಡಿಲ್ಲ, ಅಷ್ಟೆ. ಯಾವ ಪ್ರಶ್ನೆ ಬಂದಿತು, ಹಿಂದಿನ ರಾತ್ರಿ ಜ್ವರ ಬಂದಿತ್ತೆ, ಪತ್ರಿಕೆಯು ಯಾವ ಪರೀಕ್ಷಕನ ಕೈಗೆ ಹೋಯಿತು ಎಂಬಿವೆಲ್ಲ ಅದೃಷ್ಟವಲ್ಲದೆ ಮತ್ತೇನು? ಜೆ.ಇ.ಇ. ಮೇನ್ ಪರೀಕ್ಷೆಯ ಕೆಲವು ವರ್ಷಗಳ ನಿಯಮಾವಳಿಯಲ್ಲಿ, ಎಲ್ಲ ರೀತಿಯಿಂದಲೂ ಸಮರಾದವರನ್ನು ಬೇರ್ಪಡಿಸಲು ವಯಸ್ಸನ್ನೂ, ಕಡೆಗೆ ಅರ್ಜಿಯ ಸಂಖ್ಯೆಯನ್ನೂ ನೋಡುತ್ತಿದ್ದರು. ಅರ್ಜಿಯ ಸಂಖ್ಯೆಗಿಂತ ಚೀಟಿಯು ಹೆಚ್ಚು ಗೌರವಯುತವಾದದ್ದು, ಅದರಲ್ಲಿ ಮುಚ್ಚುಮರೆಯಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಶೇಕಡಾ 25ರ ಸೀಟುಗಳಿಗೆ ಅರ್ಹರಾದ ಪುಟ್ಟ ಮಕ್ಕಳನ್ನು ಲಾಟರಿಯ ಮೂಲಕ ಆರಿಸುವುದನ್ನು ನಮ್ಮ ಜನ ಕಂಡಿದ್ದಾರೆ. ಸೀಟು ಸಿಕ್ಕದ ಮಗುವನ್ನು ದಡ್ಡನೆಂದು ಅಲ್ಲಿ ಯಾರೂ ಕರೆಯುವುದಿಲ್ಲ. ಹತ್ತನೆಯ ಶತಮಾನದ ಪರಾಂತಕ ಚೋಳನ ಕಾಲದ ಉತ್ತರಮೇರೂರಿನ ಶಾಸನವನ್ನು ಓದಿದರೆ, ಗ್ರಾಮಸಭೆಯ ಸದಸ್ಯತ್ವಕ್ಕೆ ಮೊದಲು ಅರ್ಹತೆಯ ಕಟ್ಟುಪಾಡು, ಆಮೇಲೆ ಗಡಿಗೆಯಲ್ಲಿ ಹಾಕಿದ ಓಲೆಗಳನ್ನು ಎತ್ತುವ ಪದ್ಧತಿ ಇದ್ದುದು ಕಾಣುತ್ತದೆ. ಆ ಅರ್ಹತೆಯ ನಿಯಮಗಳು ಭೂಮಿಯನ್ನೂ ವೇದಾಧ್ಯಯನವನ್ನೂ ಕೇಳುವಂಥವಾಗಿದ್ದು ಬಹುಜನರನ್ನು ಹೊರಗಿಟ್ಟಿದ್ದುವು, ಅವು ನಮಗೆ ಆದರ್ಶವಲ್ಲ. ಆದರೆ ಅರ್ಹತೆಯೂ ಚೀಟಿಯೂ ಪರಸ್ಪರ ವಿರೋಧಿಗಳಲ್ಲವೆಂಬ ತಿಳಿವಳಿಕೆಯು ಈ ನೆಲಕ್ಕೆ ಅಪರಿಚಿತವಲ್ಲವೆಂಬುದು ಅಲ್ಲಿಂದ ಸಿದ್ಧವಾಗುತ್ತದೆ.

ವಿಶ್ವವಿದ್ಯಾನಿಲಯದ ಪ್ರವೇಶದಲ್ಲಿಯೇ ಇದನ್ನು ದೀರ್ಘಕಾಲ ನಡೆಸಿ ನೋಡಿದ ದೇಶವೆಂದರೆ ನೆದರ್ಲೆಂಡ್ಸ್. ಅಲ್ಲಿ 1970ರ ದಶಕದಿಂದ ವೈದ್ಯಕೀಯವೇ ಮೊದಲಾದ, ಸೀಟುಗಳಿಗೆ ಮಿತಿಯಿದ್ದ ವ್ಯಾಸಂಗಗಳಿಗೆ, ಶಾಲೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಹೆಚ್ಚಿನ ಅವಕಾಶವಿರುವಂತೆ ತೂಕವನ್ನು ಕೊಟ್ಟು ಲಾಟರಿಯನ್ನು ನಡೆಸುತ್ತಿದ್ದರು. 1990ರ ದಶಕದಲ್ಲಿ ಅತ್ಯುತ್ತಮ ಅಂಕಗಳ ವಿದ್ಯಾರ್ಥಿನಿಯೊಬ್ಬಳು ಪುನಃಪುನಃ ವಿಫಲಳಾದಾಗ ಜನರು ನೊಂದು ಕೇಳಿದ ಪ್ರಶ್ನೆಯು ನ್ಯಾಯವಾಗಿಯೇ ಇತ್ತು. ಬಳಿಕ ಹತ್ತಕ್ಕೆ ಎಂಟು ಮತ್ತು ಅದಕ್ಕೆ ಮೀರಿದ ಸರಾಸರಿಯುಳ್ಳವರಿಗೆ ನೇರ ಪ್ರವೇಶವನ್ನು ಕೊಟ್ಟರು. 2017ರಲ್ಲಿ ಲಾಟರಿಯನ್ನು ಪೂರ್ತಿಯಾಗಿ ಬಿಟ್ಟು ಕಾಲೇಜುಗಳು ತಾವೇ ಆಯ್ಕೆಮಾಡುವ ಕ್ರಮಕ್ಕೆ ಬಂದರು. ಆ ಆಯ್ಕೆಯು ಅನುಕೂಲವಂತರ ಮಕ್ಕಳಿಗೆ ಒಲಿಯುವುದೆಂಬ ಶಂಕೆಯು ಬಲವಾಗಲು, 2023ರಿಂದ ಲಾಟರಿಗೆ ಮತ್ತೆ ಅವಕಾಶವನ್ನು ಕಲ್ಪಿಸಿದರು. ಈ ಹೋಗಿಬರುವಿಕೆಯಲ್ಲಿ ನನಗೆ ಮೆಚ್ಚಿಗೆಯಾಗುವುದು ಅವರ ಪ್ರಾಮಾಣಿಕತೆ: ಯಾವ ಪದ್ಧತಿಯನ್ನೂ ಪವಿತ್ರವೆಂದು ಭಾವಿಸದೆ, ಅದರ ಫಲವನ್ನು ನೋಡಿ ತಿದ್ದಿಕೊಳ್ಳುತ್ತ ಬಂದರು.

ಕಷ್ಟಪಟ್ಟು ಓದಿದವನ ಶ್ರಮಕ್ಕೆ ಇದರಿಂದ ಬೆಲೆಯಿಲ್ಲದಂತಾಗದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಟ್ಟವನ್ನು ಮುಟ್ಟುವುದಕ್ಕೆ ಶ್ರಮ ಬೇಕು, ಮೇಲಿನ ಶ್ರೇಣಿಗೆ ಏರುವುದಕ್ಕೆ ಇನ್ನಷ್ಟು ಬೇಕು, ಅದಕ್ಕೆಲ್ಲ ಪ್ರತಿಫಲವುಂಟು. ಇಲ್ಲದಂತಾಗುವುದು ಒಂದೇ ಬಗೆಯ ಶ್ರಮ: 97ನ್ನು 98 ಮಾಡುವುದಕ್ಕಾಗಿ, ಈಗಾಗಲೇ ಬಲ್ಲ ವಿಷಯವನ್ನು ನೂರನೆಯ ಸಲ ಮಾದರಿ ಪ್ರಶ್ನೆಗಳ ಮೇಲೆ ಉಜ್ಜುತ್ತ ಕಳೆಯುವ ತಿಂಗಳುಗಳ ಶ್ರಮ. ಆ ತಿಂಗಳುಗಳಲ್ಲಿ ಒಬ್ಬ ಹುಡುಗಿಯು ಪಠ್ಯದ ಹೊರಗಿನ ಗಣಿತದ ಪುಸ್ತಕವೊಂದನ್ನು ಓದಬಹುದಾಗಿತ್ತು, ಕಾದಂಬರಿಯೊಂದನ್ನು ಓದಬಹುದಾಗಿತ್ತು, ಬಯಲಿಗೆ ಹೋಗಿ ಆಡಬಹುದಾಗಿತ್ತು, ನಿದ್ರೆಯನ್ನಾದರೂ ಮಾಡಬಹುದಾಗಿತ್ತು.

ಒಳ್ಳೆಯ ಕಾಲೇಜುಗಳು ವಿರಳವಾಗಿರುವವರೆಗೆ ನೂಕುನುಗ್ಗಲು ಪೂರ್ತಿಯಾಗಿ ಹೋಗದೆಂಬುದನ್ನು ನಾನು ಬಲ್ಲೆ. ಜಿಲ್ಲೆಯ ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆಗಳು ಖಾಲಿಯಿದ್ದು ಪ್ರಯೋಗಶಾಲೆಯು ಬೀಗ ಹಾಕಿಕೊಂಡಿದ್ದರೆ, ಬೆಂಗಳೂರಿನ ಬೆರಳೆಣಿಕೆಯ ಕಾಲೇಜುಗಳಿಗಾಗಿ ಮಕ್ಕಳು ಹೋರಾಡಿಯೇ ಹೋರಾಡುತ್ತಾರೆ. ಅದಕ್ಕೆ ಹಣವೂ ಕಾಲವೂ ಬೇಕು. ಅದಾಗುವವರೆಗೆ ಕಾಯದೆ ಆರಂಭಿಸಬಹುದಾದ ಕೆಲಸವೂ ಇದೆ. ಅದರ ಸುಳಿವು ನಮ್ಮ ಆಡಳಿತದಲ್ಲಿಯೇ ಕಾಣುತ್ತದೆ. 2024ರಲ್ಲಿ ದ್ವಿತೀಯ ಪಿ.ಯು.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟುದು, ಒಂದು ದಿನದ ಅಂಕವೇ ಅಂತಿಮ ಸತ್ಯವಲ್ಲವೆಂದು ಸರ್ಕಾರವೇ ಒಪ್ಪಿಕೊಂಡಂತೆ. ಕೃಷಿ ಪದವಿಗಳಿಗೆ ಕೃಷಿಕರ ಮಕ್ಕಳನ್ನು ಆರಿಸುವಾಗ ಬೀಜ, ಬೆಳೆ, ಉಪಕರಣಗಳ ಪರಿಚಯವನ್ನು ನೋಡುವ ಪ್ರಾಯೋಗಿಕ ಪರೀಕ್ಷೆಯೊಂದನ್ನು ನಮ್ಮ ಪ್ರಾಧಿಕಾರವು ನಡೆಸುತ್ತಲೇ ಬಂದಿದೆ. ಬೇರೆ ವ್ಯಾಸಂಗಕ್ಕೆ ಬೇರೆ ಅರ್ಹತೆಯೆಂಬ ತತ್ತ್ವವು ಅಲ್ಲಿ ಆಚರಣೆಗೆ ಬಂದಿದೆ. ಆದುದರಿಂದ ಇಂಥದೊಂದು ಪದವಿಯನ್ನೇ ಆರಿಸಿಕೊಂಡು, ಅರ್ಧದಷ್ಟು ಸೀಟುಗಳನ್ನು ಈಗಿನ ಕ್ರಮಾಂಕದಿಂದಲೂ ಉಳಿದರ್ಧವನ್ನು ನಿಗದಿಯಾದ ಮಟ್ಟವನ್ನು ಮುಟ್ಟಿದವರಲ್ಲಿ ಚೀಟಿಯಿಂದಲೂ ತುಂಬಿ, ಯಾರು ಯಾವ ದಾರಿಯಿಂದ ಬಂದರೆಂಬುದನ್ನು ಅಧ್ಯಾಪಕರಿಗೆ ತಿಳಿಸದೆ ಪಾಠ ಹೇಳಿಸಿ, ನಾಲ್ಕು ವರ್ಷಗಳ ಕೊನೆಯಲ್ಲಿ ಎರಡು ಗುಂಪುಗಳ ವಿದ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಕಂಡುದನ್ನು ಕಂಡಂತೆ ಪ್ರಕಟಿಸಬೇಕೆಂದು ರಾಜ್ಯದ ಪರೀಕ್ಷಾ ಪ್ರಾಧಿಕಾರವನ್ನೂ ವಿಶ್ವವಿದ್ಯಾನಿಲಯಗಳನ್ನೂ ನಾನು ಕೇಳಿಕೊಳ್ಳುತ್ತೇನೆ.